ಬೀಗರ ಕಾರಿನ ಕೆಮ್ಮು

ಹಾವೇರಿ
5 ಜೂನ್ 1988

ಬ್ಯಾಡಗಿಯ ಬೀಗರಾದ ಶ್ರೀ ಅಂದಾನೆಪ್ಪನವರಿಗೆ ಹಾವೇರಿಯಿಂದ ವಿರೂಪಾಕ್ಷಪ್ಪನ ಶರಣು ಶರಣಾರ್ಥಿ.

ಮದುವೆ ಮುಗಿದು ಇಂದಿಗೆ ಇಪ್ಪತ್ತಾರು ದಿನ. ನಿಮ್ಮ ಮಗಳು ನೀಲಾಂಬಿಕಾ ನಮ್ಮ ಮನೆಗೆ ಹೊಂದಿಕೊಂಡಿದ್ದಾಳೆ. ಮಗ ಗುರುಶಾಂತ ಎಂದಿನಂತೆ ಏಳೂವರೆಯ ಬಸ್ಸಿಗೆ ರಾಣೆಬೆನ್ನೂರಿನ ಬೀಜದ ಕಂಪನಿಗೆ ಹೋಗಿ ಬರುತ್ತಿದ್ದಾನೆ. ನಾನೂ ಎಂದಿನಂತೆ ಕೋರ್ಟಿನ ಮುಂದಿನ ಬೇವಿನ ಗಿಡದ ಕೆಳಗೆ ಕುಳಿತು ಜನರ ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷದಿಂದ ಬಾಂಡ್ ಬರೆಯುವ ಕೈಯಾದ್ದರಿಂದ ಪತ್ರದಲ್ಲಿ ಎಲ್ಲಾದರೂ 'ಸದರಿ', 'ಮೇಲ್ಕಾಣಿಸಿದ' ಎಂದು ಬಂದರೆ ತಪ್ಪು ತಿಳಿಯಬಾರದು.

ಈಗ ಸದರಿ ಕಾರಿನ ವಿಷಯ. 'ನಮಗ ಏನೂ ಬ್ಯಾಡ, ಹುಡುಗೀನ ಅಷ್ಟ ಕೊಡ್ರಿ' ಎಂದು ನಾನು ನಾಲ್ಕು ಹಿರಿಯರ ಎದುರು ಹೇಳಿದ್ದು ನಿಮಗೆ ನೆನಪಿರಬಹುದು. ಆದರೂ ಮಗಳನ್ನು ಕಳಿಸುವ ಹೊತ್ತಿಗೆ ನೀವು ನಿಮ್ಮ ಹಸಿರು ಕಾರಿನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಿರಿ. ನಾನು ಬೇಡವೆನ್ನಲು ಬಾಯಿ ತೆರೆಯುವುದರೊಳಗೆ ವಾಲಗದವರು ಊದತೊಡಗಿದರು.

ಇದು ದೂರಲ್ಲ, ತಿಳಿವಳಿಕೆಗಾಗಿ ಕೇಳುತ್ತಿದ್ದೇನೆ. ಕಾರು ಮೂರನೆಯ ಗೇರಿಗೆ ಬಂದೊಡನೆ ಕೆಮ್ಮುತ್ತದೆ. ಮುದುಕರಂತೆ ಮೂರು ಸಲ ಕೆಮ್ಮಿ, ಸ್ವಲ್ಪ ತಡೆದು, ಇನ್ನೊಮ್ಮೆ ಕೆಮ್ಮುತ್ತದೆ. ಬ್ರೇಕು ಒತ್ತಿದರೆ ಮುಂದಿನ ಗಾಜಿನ ವೈಪರ್ ಎದ್ದು ಒಂದು ನಮಸ್ಕಾರ ಮಾಡಿ ಮಲಗುತ್ತದೆ. ಎಡಕ್ಕೆ ಹೊರಳಿಸಿದರೆ ಹಾರ್ನ್ ತಾನಾಗಿಯೇ ಕೂಗುತ್ತದೆ. ನಮ್ಮ ಮನೆ ಮುಟ್ಟಲು ಐದು ಸಲ ಎಡಕ್ಕೆ ಹೊರಳಬೇಕು. ಇನ್ನು ಒಳಗೆ ಕುಳಿತವರೆಲ್ಲ ಸೀನುತ್ತೇವೆ. ನನ್ನ ಮನೆಯವಳು ಸಿದ್ದವ್ವ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ನಲವತ್ತು ಸಲ ಸೀನಿದಳು. ನಾನೇ ಎಣಿಸಿದ್ದೇನೆ.

ಇವು ಮೊದಲಿನಿಂದ ಇದ್ದವೋ, ಹಾವೇರಿಯ ನೀರು ಒಗ್ಗದೆ ಬಂದವೋ ತಿಳಿಸುವ ಕೃಪೆಯಾಗಲಿ.

ನಿಮ್ಮ ವಿಶ್ವಾಸದ
ವಿರೂಪಾಕ್ಷಪ್ಪ


ಬ್ಯಾಡಗಿ
9 ಜೂನ್ 1988

ಬೀಗರು ವಿರೂಪಾಕ್ಷಪ್ಪನವರಿಗೆ ಅಂದಾನೆಪ್ಪನ ಶರಣು.

ನಿಮ್ಮ ಪತ್ರ ಮುಟ್ಟಿತು. ಅಂಗಡಿಯಲ್ಲಿ ಓದಿದರೆ ಗಿರಾಕಿಗಳು ನನ್ನ ಮೇಲೆ ಖಟ್ಲೆ ಬಿತ್ತೆಂದು ತಿಳಿದಾರೆಂದು ಮನೆಗೆ ಹೋಗಿ ಓದಿದೆ.

ಹೆದರಬೇಡಿ. ಅರವತ್ತೆರಡನೆಯ ಇಸವಿಯ ಕಾರು, ವಯಸ್ಸಾಗಿದೆ. ಎಡಕ್ಕೆ ಹೊರಳಿದಾಗ ಹಾರ್ನ್ ಹೊಡೆದರೆ ಒಳ್ಳೆಯದೇ, ಎದುರಿನವರು ಸರಿದು ನಿಲ್ಲುತ್ತಾರೆ. ವೈಪರಿನ ನಮಸ್ಕಾರಕ್ಕೆ ಕಾರಣ ಎಲ್ಲೋ ಒಂದು ಅರ್ಥಿಂಗ್ ವೈರು ಸಡಿಲಾಗಿರುವುದು. ಇನ್ನು ಸೀನು. ಹನ್ನೊಂದು ವರ್ಷ ಬ್ಯಾಡಗಿ ಮೆಣಸಿನಕಾಯಿಯ ಚೀಲ ಹೊತ್ತ ಕಾರು ಅದು. ಹತ್ತಿದಾಗ ಸೀನು ಬರಲಿಲ್ಲವೆಂದರೆ ಬೇರೆಯವರ ಕಾರು ಹತ್ತಿದ್ದೀರಿ ಎಂದು ತಿಳಿದು ಇಳಿಯಬೇಕು.

ಕೆಮ್ಮಿನ ಮೂಲ ಹುಡುಕುವುದು ಕಷ್ಟವಲ್ಲ. ಇಂಜಿನ್ನಿಗೆ ನಾಲ್ಕು ಪ್ಲಗ್, ನಾಲ್ಕು ವೈರು. ಇಂಜಿನ್ ಓಡುತ್ತಿರುವಾಗ ಒಂದೊಂದೇ ವೈರನ್ನು ಕಿತ್ತು ನೋಡಿ. ಕಿತ್ತಾಗ ಸದ್ದು ಕೆಟ್ಟರೆ ಆ ಪ್ಲಗ್ ದುಡಿಯುತ್ತಿದೆ. ಕಿತ್ತರೂ ಸದ್ದಿನಲ್ಲಿ ಏನೂ ಬದಲಾಗದಿದ್ದರೆ ಅದೇ ಮೈಗಳ್ಳ. ಬಿಚ್ಚಿ, ಮಸಿ ಒರೆಸಿ, ಮತ್ತೆ ಕೂರಿಸಿ. ಅಷ್ಟೇ.

ನೀಲಾಳನ್ನು ಕೇಳಿದೆನೆಂದು ಹೇಳಿ. ಕಾರಿನ ವರ್ತಮಾನವನ್ನು ಅವಳ ಕೈಯಿಂದಲೂ ಎರಡು ಸಾಲು ಬರೆಸಿ. ಅವಳ ಅಕ್ಷರ ದುಂಡಗಿವೆ, ಅದಕ್ಕೆ ಹೇಳಿದೆ.

ಇಂತಿ
ಅಂದಾನೆಪ್ಪ ಮೆಣಸಿನಕಾಯಿ


ಹಾವೇರಿ
20 ಜೂನ್ 1988

ಅಪ್ಪನಿಗೆ ನೀಲಾಳ ನಮಸ್ಕಾರಗಳು.

ಅಪ್ಪಾ, ಬರೆಯುವಾಗ ಒಂದು ಮಾತು ಬಿಟ್ಟಿದ್ದೀಯಲ್ಲ! ಓಡುವ ಇಂಜಿನ್ನಿನ ವೈರನ್ನು ಬರಿಗೈಯಿಂದ ಮುಟ್ಟಬಾರದು, ಒಣ ಅರಿವೆ ಸುತ್ತಿ ಹಿಡಿಯಬೇಕು ಎಂದು ಶಮಶೇರಸಾಬ್ ಚಾಚಾ ತನ್ನ ಗ್ಯಾರೇಜಿನಲ್ಲಿ ನನಗೆ ಮೊದಲ ದಿನವೇ ಕಲಿಸಿದ್ದ. ನೀನು ಅದನ್ನು ಮಾವನವರಿಗೆ ಬರೆಯಲಿಲ್ಲ. ಅವರು ಎಡಗೈಯಲ್ಲಿ ನಿನ್ನ ಪತ್ರ ಹಿಡಿದು, ಗಟ್ಟಿಯಾಗಿ ಓದಿಕೊಳ್ಳುತ್ತ, ಬಲಗೈಯಲ್ಲಿ ವೈರು ಕಿತ್ತರು. ಪತ್ರ ಒಂದು ಕಡೆ, ಟೊಪ್ಪಿಗೆ ನೀರಿನ ತೊಟ್ಟಿಯಲ್ಲಿ, ಮಾವನವರು ಅಂಗಳದ ಗೋಡೆಗೆ ಒರಗಿ ಕುಳಿತಿದ್ದರು. ಅತ್ತೆ ಓಡಿ ಬಂದು ಏನಾಯಿತೆಂದು ಕೇಳಿದರೆ, "ಕಾರು ನನ್ನ ಹೊಡೀತು" ಎಂದರು. ಮೂರು ದಿನ ಕಾರಿನ ಹತ್ತಿರ ಸುಳಿಯಲಿಲ್ಲ.

ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ರೊಟ್ಟಿ ಬಡಿಯುತ್ತಲೇ ಆ ಸದ್ದು ಕೇಳುತ್ತೇನೆ. ನಾಲ್ಕರಲ್ಲಿ ಒಂದು ಪ್ಲಗ್ ಸುಮ್ಮನೆ ಕುಳಿತಿದೆ, ಮೂರೇ ಎಳೆಯುತ್ತಿವೆ. ಹೋಗಿ ಐದು ನಿಮಿಷದಲ್ಲಿ ಸರಿಮಾಡಲೇ ಎಂದು ಕೈ ತುರಿಸುತ್ತದೆ. ಆದರೆ ಮನೆ ಬಿಡುವಾಗ ಅವ್ವ ಕೈ ಹಿಡಿದು ಹೇಳಿದ್ದಾಳೆ: "ಅಲ್ಲಿ ಹ್ವಾದ ಮ್ಯಾಲ ಆ ಕಾರಿನ ಬಾನೆಟ್ ಕಡೆ ತಿರುಗಿ ಸುದ್ದಾ ನೋಡಬ್ಯಾಡ. ಹುಡುಗಿ ಗ್ಯಾರೇಜಿನ್ಯಾಗ ಬೆಳದಾಳ ಅಂತ ಗೊತ್ತಾದ್ರ ಮಂದಿ ಮಾರಿ ಮ್ಯಾಲ ನಗತಾರ." ಇಲ್ಲಿ ನಾನು ಕಸೂತಿ ಹಾಕುವ ಹುಡುಗಿ. ಅತ್ತೆ ದಿನಾ ಒಂದು ದಿಂಬಿನ ಚೀಲ ತಂದು ಮುಂದಿಡುತ್ತಾರೆ. ಇಂದಿನವರೆಗೆ ಒಂದು ನವಿಲಿನ ಕಾಲು ಮಾತ್ರ ಆಗಿದೆ, ಅದೂ ಸ್ಪ್ಯಾನರಿನ ಹಾಗೆ ಕಾಣುತ್ತದೆ.

ಸುಳ್ಳು ಹೇಳುವುದಿಲ್ಲ, ಒಂದು ತಪ್ಪು ಮಾಡಿದೆ. ಮೊನ್ನೆ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಒಲೆಯ ಇಕ್ಕಳ ಒಯ್ದು ಆ ಅರ್ಥಿಂಗ್ ವೈರನ್ನು ಬಿಗಿ ಮಾಡಿದೆ. ಹಾರ್ನಿನದನ್ನೂ ಸರಿಮಾಡಿದೆ. ಪ್ಲಗ್ ಬಿಚ್ಚಲು ಇಕ್ಕಳ ಸಾಲದು. ಸಂಜೆ ಅತ್ತೆ, "ಇಕ್ಕಳಕ್ಕ ಕರೇ ಎಣ್ಣಿ ಹೆಂಗ ಬಂತ?" ಎಂದರು. ತುಕ್ಕು ಹಿಡಿಯಬಾರದೆಂದು ಹಚ್ಚಿದೆ ಎಂದೆ. ಜಾಣ ಸೊಸೆ ಎಂದು ಪಕ್ಕದ ಮನೆಯವರಿಗೆ ಹೇಳಿ ಬಂದರು.

ಇದನ್ನು ಓದಿ ಹರಿದು ಹಾಕು.

ನಿನ್ನ
ನೀಲಾ


ಹಾವೇರಿ
10 ಜುಲೈ 1988

ಬೀಗರಿಗೆ ಶರಣು.

ಮೊದಲು ಶುಭ ಸಮಾಚಾರ. ಕಾರಿನಿಂದ ನನಗಾದ ಆಘಾತದ ನಂತರ ವೀರಭದ್ರ ದೇವರಿಗೆ ಕಾಯಿ ಒಡೆಸಿದೆ. ಮರುದಿನವೇ ವೈಪರ್ ನಮಸ್ಕಾರ ಮಾಡುವುದನ್ನು ಬಿಟ್ಟಿತು, ಹಾರ್ನ್ ಬಾಯಿ ಮುಚ್ಚಿತು. ಆದರೆ ಕೆಮ್ಮು ಹಾಗೆಯೇ ಉಳಿಯಿತು. ಐದು ಕಾಯಿ ಒಡೆಸಬೇಕಿತ್ತು ಎನ್ನುತ್ತಾಳೆ ಸಿದ್ದವ್ವ.

ಅವಳ ಸೀನು ನೋಡಲಾರದೆ ಕಾರನ್ನು ಇಲ್ಲಿನ ಮೆಕ್ಯಾನಿಕ್ ಅಂಜಿನಪ್ಪನಿಗೆ ಕೊಟ್ಟೆ. ಊರವರು ಅವನನ್ನು ಇಂಜಿನಪ್ಪ ಎಂದೇ ಕರೆಯುತ್ತಾರೆ. ಹೆಸರಿನ ಆಚೆಗೆ ಅವನಿಗೂ ಇಂಜಿನ್ನಿಗೂ ಸಂಬಂಧವಿಲ್ಲವೆಂದು ನನಗೆ ತಡವಾಗಿ ತಿಳಿಯಿತು. ಅವನು ಸೀಟು ಕಿತ್ತು, ಫಿನೈಲ್ ಹಾಕಿ, ನಾಲ್ಕು ಕೊಡ ನೀರಿನಿಂದ ಒಳಗೆಲ್ಲ ತೊಳೆದ. ಈಗ ಕಾರಿನಲ್ಲಿ ಆಸ್ಪತ್ರೆಯ ವಾಸನೆ ಇದೆ, ಒಬ್ಬರೂ ಸೀನುವುದಿಲ್ಲ.

ಆದರೆ ಅದಾಗಿ ಎರಡು ವಾರದಿಂದ ಕಾರು ಪೂರ್ತಿ ಹದಗೆಟ್ಟಿದೆ. ದೀಪ ಹಚ್ಚಿದರೆ ಆರುತ್ತದೆ, ಆರಿಸಿದರೆ ಹತ್ತುತ್ತದೆ. ತಗ್ಗಿನಲ್ಲಿ ಕುಪ್ಪಳಿಸಿದರೆ ಇಂಜಿನ್ ನಿಲ್ಲುತ್ತದೆ, ಇನ್ನೊಂದು ತಗ್ಗಿಗೆ ತಾನೇ ಸರಿಯಾಗುತ್ತದೆ. ಅಂಜಿನಪ್ಪ ಪ್ಲಗ್ಗಿನ ವೈರುಗಳನ್ನೆಲ್ಲ ಕಿತ್ತು ಮತ್ತೆ ಹಾಕಿದ. ಕಳೆದ ಮಂಗಳವಾರ "ನೋಡ್ರಿ ಯಜಮಾನ್ರ, ಕುದರಿ ಆಗೇತಿ" ಎನ್ನುತ್ತ ಕಾರನ್ನು ಕೋರ್ಟಿನ ಮುಂದೆಯೇ ತಂದು ನಿಲ್ಲಿಸಿ, ಎಲ್ಲರಿಗೂ ಕೇಳಲೆಂದು ಪೆಡಲು ಒತ್ತಿದ. ಹಿಂದಿನ ಕೊಳವೆಯಿಂದ ತೋಪಿನಂತೆ ಢಂ ಎಂದಿತು. ಬೇವಿನ ಗಿಡದ ಕಾಗೆಗಳೆಲ್ಲ ಎದ್ದವು. ಒಳಗೆ ಕಟಕಟೆಯಲ್ಲಿದ್ದ ಸಾಕ್ಷಿದಾರನೊಬ್ಬ ಹೆದರಿ ನಿಜವನ್ನೇ ಹೇಳಿಬಿಟ್ಟನಂತೆ. ಆಮೇಲೆ ಕಾರು ಅಲುಗಲಿಲ್ಲ. ಕರಿ ಕೋಟಿನ ಆರು ಜನ ವಕೀಲರು ಸೇರಿ ನೂಕಿದರು. ಮೂವತ್ತೊಂದು ವರ್ಷ ಅವರಿಗೆ ಕೈ ಮುಗಿದವನು ನಾನು. ಅವರು ನೂಕುವಾಗ ನಾನು ಎಲ್ಲಿ ನೋಡಬೇಕಿತ್ತು, ಹೇಳಿ.

ಇದಕ್ಕೆ ಪರಿಹಾರವೇನು?

ವಿರೂಪಾಕ್ಷಪ್ಪ


ಬ್ಯಾಡಗಿ
14 ಜುಲೈ 1988

ಬೀಗರೇ,

ತೊಳೆದಿರಾ? ನನ್ನ ಕಾರಿನ ಒಳಗೆ ನೀರು ಹಾಕಿ ತೊಳೆದಿರಾ?

ನಾನು ಸಾವಧಾನದಿಂದ ಬರೆಯುತ್ತೇನೆ. ನಿಮ್ಮ ಮನೆಯ ಪಕ್ಕದಲ್ಲಿ ಶೇಂಗಾ ಗೋದಾಮು ಇದೆ. ಶೇಂಗಾ ಇದ್ದಲ್ಲಿ ಇಲಿ ಇವೆ. ಇಷ್ಟು ವರ್ಷ ನನ್ನ ಕಾರಿನ ಒಂದು ವೈರನ್ನೂ ಇಲಿ ಮೂಸಲಿಲ್ಲ. ಕಾರಣ, ಬ್ಯಾಡಗಿ ಮೆಣಸಿನಕಾಯಿಯ ಘಾಟು. ನೀವು ಘಾಟು ತೊಳೆದು, ಇಲಿಗಳಿಗೆ ಬಾಗಿಲು ತೆರೆದು, ಕುಂಕುಮ ಹಚ್ಚಿ ಕರೆದಂತಾಯಿತು. ಅವು ವೈರಿನ ಮೇಲಿನ ರಬ್ಬರ್ ತಿಂದಿವೆ. ಬರಿ ತಾಮ್ರ ಕಾರಿನ ಮೈಗೆ ತಾಗಿದಾಗ ಇಂಜಿನ್ ನಿಲ್ಲುತ್ತದೆ, ಕುಪ್ಪಳಿಸಿ ಬಿಟ್ಟಾಗ ಓಡುತ್ತದೆ.

ಇನ್ನು ಆ ಢಂ. ಪ್ಲಗ್ಗಿಗೆ ಕಿಡಿ ಹೋಗುವುದಕ್ಕೆ ಒಂದು ಸರದಿ ಇದೆ: ಒಂದು, ಮೂರು, ನಾಲ್ಕು, ಎರಡು. ನಿಮ್ಮ ಇಂಜಿನಪ್ಪ ಶಾಲೆಯಲ್ಲಿ ಕಲಿತಂತೆ ಒಂದು, ಎರಡು, ಮೂರು, ನಾಲ್ಕು ಎಂದು ಜೋಡಿಸಿದ್ದಾನೆ. ಅವನನ್ನು ಮೊದಲು ಮನೆಗೆ ಕಳಿಸಿ.

ಬಾಂಡ್ ಬರೆಯುವ ಕೈಗೆ ಇದು ಒಗ್ಗದ ಕೆಲಸ. ಮನೆಯಲ್ಲಿ ತಿಳಿದವರು ಬೇರೆ ಯಾರಾದರೂ ಇದ್ದರೆ ಅವರ ಕೈಗೆ ಬಿಡಿ.

ಅಂದಾನೆಪ್ಪ


ಹಾವೇರಿ
22 ಜುಲೈ 1988

ಶ್ರೀ ಅಂದಾನೆಪ್ಪ ಮೆಣಸಿನಕಾಯಿ ಇವರಿಗೆ,

ತಮ್ಮ ಪತ್ರ ತಲುಪಿ ಮಜಕೂರು ತಿಳಿಯಿತು. ವೈರುಗಳ ಸರದಿಯನ್ನು ಗುರುಶಾಂತ ತಾವು ಬರೆದಂತೆ ಬದಲಿಸಿದ್ದಾನೆ. ಢಂ ಎನ್ನುವುದು ನಿಂತಿದೆ, ಉಳಿದದ್ದು ಇದ್ದಂತೆಯೇ ಇದೆ.

ನಮ್ಮ ಮನೆಯಲ್ಲಿ ಇಲಿಗಳಿಲ್ಲ. ಹಿಂದೆಯೂ ಇರಲಿಲ್ಲ. 'ಬಾಂಡ್ ಬರೆಯುವ ಕೈ' ಎಂಬ ತಮ್ಮ ಮಾತು ನನ್ನ ಮನಸ್ಸಿಗೆ ನಾಟಿದೆ. ಆ ಕೈಯ ಮೇಲೆಯೇ ಈ ಮನೆ ನಿಂತಿದೆ. ಬೇಡವೆಂದವನಿಗೆ ಕೊಟ್ಟು, ಕೊಟ್ಟದ್ದು ಕೆಟ್ಟಾಗ ಪಡೆದವನನ್ನೇ ಹೀಯಾಳಿಸುವುದು ಯಾವ ನ್ಯಾಯ?

ಆಗಸ್ಟ್ 11, ಗುರುವಾರ, ಬೆಳಗ್ಗೆ ಹನ್ನೊಂದಕ್ಕೆ ರಾಣೆಬೆನ್ನೂರಿನ ಕೋರ್ಟಿನಲ್ಲಿ ಒಂದು ಮೃತ್ಯುಪತ್ರದ ದಾವೆಗೆ ನಾನು ಸಾಕ್ಷಿದಾರನಾಗಿ ಹಾಜರಾಗಬೇಕಿದೆ. ಅದನ್ನು ಬರೆದವನು ನಾನೇ. ನಾನು ಹೋಗದಿದ್ದರೆ ಒಬ್ಬ ಮುದುಕಿಯ ಮನೆ ಹೋಗುತ್ತದೆ. ಅದೇ ದಿನ ಸೊಸೆಯನ್ನು ಪಂಚಮಿ ಹಬ್ಬಕ್ಕೆ ತವರಿಗೆ ಕಳಿಸುವುದಿದೆ. ಆದ್ದರಿಂದ ಗುರುಶಾಂತ ಕಾರು ನಡೆಸುತ್ತಾನೆ. ಕೋರ್ಟಿನ ಕೆಲಸ ಮುಗಿಸಿ ಬ್ಯಾಡಗಿಗೆ ಬಂದು ಸೊಸೆಯನ್ನು ಬಿಟ್ಟು, ಕಾರನ್ನೂ ತಮ್ಮ ಅಂಗಳದಲ್ಲಿ ಒಪ್ಪಿಸುತ್ತೇವೆ. ಹಬ್ಬ ಮುಗಿದ ಮೇಲೆ ಸೊಸೆಯನ್ನು ಬಸ್ಸಿನಲ್ಲಿ ಕರೆಸಿಕೊಳ್ಳುತ್ತೇವೆ.

ವಿರೂಪಾಕ್ಷಪ್ಪ


ಬ್ಯಾಡಗಿ
27 ಜುಲೈ 1988

ಚಿರಂಜೀವಿ ನೀಲಾಗೆ ಅಪ್ಪನ ಆಶೀರ್ವಾದ.

ನಿನ್ನ ಮಾವನವರ ಪತ್ರ ನೋಡಿದೆ. ತಪ್ಪು ನನ್ನದೇ. ಅಂಗಡಿಯಲ್ಲಿ ಕುಳಿತು ಬೈದಂತೆ ಬೀಗರಿಗೆ ಬರೆದುಬಿಟ್ಟೆ. ನಿನ್ನ ಅವ್ವ ಎರಡು ದಿನದಿಂದ ನನ್ನ ಕೂಡ ಮಾತು ಬಿಟ್ಟಿದ್ದಾಳೆ. ಚಹಾ ಕೊಡುತ್ತಾಳೆ, ಸಕ್ಕರೆ ಹಾಕುವುದಿಲ್ಲ.

ಕಾರು ಬಂದರೆ ಬರಲಿ. ಹಳೆಯ ತಗಡು. ನೀನು ಮಾತ್ರ ಏನೂ ಮಾಡಬೇಡ. ಇಕ್ಕಳ ಮುಟ್ಟಬೇಡ. ಬೀಗರಿಗೆ ಈಗಲೇ ನಮ್ಮ ಮೇಲೆ ಸಿಟ್ಟಿದೆ, ನಾವು ನಿನ್ನ ವಿಷಯವನ್ನೂ ಮುಚ್ಚಿಟ್ಟೆವೆಂದು ತಿಳಿದರೆ ಆ ಸಿಟ್ಟು ನಿನ್ನ ಮೇಲೆ ತಿರುಗುತ್ತದೆ. ನನಗೆ ಕಾರಿಗಿಂತ ನಿನ್ನ ಸಂಸಾರ ದೊಡ್ಡದು. ದಿಂಬಿನ ಚೀಲದ ಮೇಲೆ ನವಿಲು ಮುಗಿಸು.

ಅಪ್ಪ


ಹಾವೇರಿ
12 ಆಗಸ್ಟ್ 1988

ಬೀಗರಾದ ಅಂದಾನೆಪ್ಪನವರಿಗೆ ವಿರೂಪಾಕ್ಷಪ್ಪನ ಅನಂತ ಶರಣು.

ನಿನ್ನೆ ಸಂಜೆ ಗುರುಶಾಂತ ಮತ್ತು ನೀಲಾ ಕಾರಿನಲ್ಲಿ ನಿಮ್ಮ ಮನೆ ಮುಟ್ಟಿರುತ್ತಾರೆ. ನಾನು ನಿಮ್ಮ ಮುಂದೆ ನಿಲ್ಲಲು ಮುಖವಿಲ್ಲದೆ ರಾಣೆಬೆನ್ನೂರಿನಿಂದಲೇ ಬಸ್ಸು ಹಿಡಿದು ಹಾವೇರಿಗೆ ಬಂದೆ. ದಾರಿಯಲ್ಲಿ ನಡೆದದ್ದನ್ನು ಅವರು ಹೇಳಿರಬಹುದು. ಆದರೂ ನನ್ನ ಹೇಳಿಕೆ ನನ್ನ ಕೈಬರಹದಲ್ಲೇ ಇರಲೆಂದು ಬರೆಯುತ್ತಿದ್ದೇನೆ.

ಬೆಳಗ್ಗೆ ಎಂಟೂವರೆಗೆ ಹೊರಟೆವು. ಜಿಟಿಜಿಟಿ ಮಳೆ. ಗುರುಶಾಂತನ ಪಕ್ಕದಲ್ಲಿ ನಾನು, ಹಿಂದೆ ನೀಲಾ. ಮೋಟೆಬೆನ್ನೂರು ದಾಟಿ ಒಂದು ಮೈಲಿ ಹೋಗಿರಬೇಕು, ಕಾರು ಕೆಮ್ಮಿತು, ಬಿಕ್ಕಿತು, ನಿಂತಿತು. ಗುರುಶಾಂತ ಬಾನೆಟ್ ಎತ್ತಿ, ಬಾವಿಗೆ ಬಿದ್ದ ಕೊಡ ನೋಡುವವರಂತೆ ಬಗ್ಗಿ ನೋಡುತ್ತ ನಿಂತ. ನಾನು ಬಸ್ಸುಗಳಿಗೆ ಕೈ ಮಾಡಿದೆ. ಮೂರು ಬಸ್ಸು ನನ್ನ ಧೋತರದ ಮೇಲೆ ಕೆಸರು ಹಾರಿಸಿ ಹೋದವು. ಗಡಿಯಾರ ಒಂಬತ್ತು ಮುಕ್ಕಾಲು ತೋರಿಸುತ್ತಿತ್ತು. ಕಟಕಟೆಯ ಮುಂದೆ ಕಾಯುತ್ತಿರುವ ಆ ಮುದುಕಿ ದುರಗವ್ವನ ಮುಖ ಕಣ್ಣಿಗೆ ಕಟ್ಟಿತು. ನಿಜ ಹೇಳುತ್ತೇನೆ, ನನಗೆ ಅಳು ಬಂತು. ಮಳೆಯಿದ್ದದ್ದರಿಂದ ಯಾರಿಗೂ ತಿಳಿಯಲಿಲ್ಲ.

ಆಗ ಹಿಂದಿನ ಬಾಗಿಲು ತೆರೆಯಿತು.

"ಮಾವಾರ, ಒಂದ್ ಮಾತ್ ಹೇಳ್ಲೇನ್ರಿ?"

"ಏನವಾ, ನೀರ ಬೇಕೇನ?"

"ನೀರಲ್ರೀ. ಹತ್ತ ನಿಮಿಷ ನನ್ನ ಕೈಯಾಗ ಕೊಡ್ರಿ."

"ಏನ ಕೊಡಬೇಕು?"

"ಕಾರು."

ನಾನು ಉತ್ತರ ಹೇಳುವ ಮೊದಲೇ ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಬಳೆಗಳನ್ನು ಮೊಣಕೈಗೆ ಸರಿಸಿದ್ದಳು. ನಾನು ಅವಳ ತಲೆಯ ಮೇಲೆ ಛತ್ರಿ ಹಿಡಿಯಲು ಹೋದೆ. "ನನಗ ಬ್ಯಾಡ್ರಿ, ನಾ ತೋಯ್ದ್ರ ನಡೀತದ. ಈ ಡಿಸ್ಟ್ರಿಬ್ಯೂಟರಿಗೆ ಹಿಡೀರಿ, ಕಿಡಿ ಹಂಚೂದು ಇದ, ಇದು ತೋಯಬಾರ್ದು" ಎಂದಳು. ಹಿಡಿದೆ.

ಎರಡು ಕ್ಲಿಪ್ ಹಾರಿಸಿ ಒಂದು ಕರಿ ಮುಚ್ಚಳ ತೆಗೆದಳು. "ನೋಡ್ರಿ ಮಾವಾರ, ಇದು ಪಾಯಿಂಟ್. ಇದು ಬಾಯಿ ತಗದು ಮುಚ್ಚಿದ್ರ ಕಿಡಿ ಹುಟ್ಟತೈತಿ. ಸುಟ್ಟು ಕರ್ರಗಾಗೇತಿ." ನಂತರ ಗಂಡನ ಕಡೆ ನೋಡದೆಯೇ, "ಕಡ್ಡಿಪೆಟಗಿ ಕೊಡ್ರಿ" ಎಂದು ಕೈ ಚಾಚಿದಳು. ಗುರುಶಾಂತ ಜೇಬಿನಿಂದ ತೆಗೆದು ಕೊಟ್ಟ. ನನ್ನ ಮಗನ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಏಕಿತ್ತು ಎಂಬ ವಿಚಾರಣೆಯನ್ನು ಮುಂದೂಡಿದ್ದೇನೆ. ಕಡ್ಡಿ ಗೀರುವ ಒರಟು ಮಗ್ಗುಲನ್ನು ಹರಿದು, ಅದರಿಂದ ಪಾಯಿಂಟನ್ನು ತಿಕ್ಕಿ ಬೆಳ್ಳಗೆ ಮಾಡಿದಳು.

"ಇನ್ನ ಒಂದ್ ದಪ್ಪ ಕಾಗದ ಬೇಕ್ರಿ. ಇದರ ಸಂದು ಅಳತಿಗೆ ತರಬೇಕು."

ನನ್ನ ಕೋಟಿನ ಜೇಬಿನಲ್ಲಿ ಇದ್ದ ದಪ್ಪ ಕಾಗದ ಒಂದೇ. ನಿಮಗೆ ಬರೆದ ಪೋಸ್ಟ್ ಕಾರ್ಡ್. ಕಾರನ್ನು ನಿಮ್ಮ ಅಂಗಳದಲ್ಲಿ ಬಿಟ್ಟು, ಹೊಸ್ತಿಲು ತುಳಿಯದೆ ತಿರುಗಿ, ಬ್ಯಾಡಗಿಯ ಅಂಚೆ ಡಬ್ಬಿಯಲ್ಲಿ ಹಾಕಿ ಬರುವುದೆಂದು ಹಿಂದಿನ ದಿನ ಬರೆದಿಟ್ಟಿದ್ದೆ. 'ಇನ್ನು ಮುಂದೆ ನಮ್ಮ ನಿಮ್ಮ ನಡುವೆ ಹೋಗಿ ಬರುವುದು ಬೇಡ' ಎಂದು ಅದರಲ್ಲಿತ್ತು. ಗಡಿಯಾರ ನೋಡಿದೆ. ಕಾರ್ಡನ್ನು ಕೊಟ್ಟೆ.

ಅವಳು ಅದನ್ನು ಪಾಯಿಂಟಿನ ಬಾಯಲ್ಲಿಟ್ಟು ಸ್ಕ್ರೂ ತಿರುಗಿಸಿದಳು. ಗುರುಶಾಂತ ಕಾರಿನಲ್ಲಿ ತಂದಿಟ್ಟಿದ್ದ ಸ್ಪ್ಯಾನರಿನಿಂದ ಆ ಮೈಗಳ್ಳ ಪ್ಲಗ್ಗನ್ನೂ ಬಿಚ್ಚಿ, ಮಸಿ ಒರೆಸಿ ಕೂರಿಸಿದಳು. ಆಮೇಲೆ ಕೆಳಗೆ ಕೈ ಹಾಕಿ ಒಂದು ವೈರು ಎಳೆದು ತೋರಿಸಿದಳು. ಅರ್ಧ ಗೇಣಿನಷ್ಟು ಬರಿ ತಾಮ್ರ, ಸುತ್ತ ಸಣ್ಣ ಹಲ್ಲಿನ ಗುರುತು. ನನ್ನ ಮುಖ ನೋಡಿದಳು. 'ನಮ್ಮ ಮನೆಯಲ್ಲಿ ಇಲಿಗಳಿಲ್ಲ' ಎಂಬ ನನ್ನ ಜುಲೈ 22ರ ಹೇಳಿಕೆಯನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ. ನನ್ನ ದಸ್ತಾವೇಜಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಹರಿದು ಆ ತಾಮ್ರಕ್ಕೆ ಸುತ್ತಿ, ಫೈಲಿನ ಕೆಂಪು ದಾರದಿಂದ ಬಿಗಿದಳು. "ಚಾಲೂ ಮಾಡ್ರಿ" ಎಂದಳು. ಗುರುಶಾಂತ ಕೀಲಿ ತಿರುಗಿಸಿದ.

ಬೀಗರೇ, ಅದು ಕೆಮ್ಮಲಿಲ್ಲ. ಮದುವೆಯಾದ ದಿನದಿಂದ ಮೊದಲ ಸಲ ನಾಲ್ಕೂ ಕೂಡಿ ದುಡಿದ ಸದ್ದು ಕೇಳಿದೆ.

ಅವಳು ಆ ಕಾರ್ಡಿನಿಂದಲೇ ಕೈ ಒರೆಸಿಕೊಂಡು, "ಇದು ಇನ್ನ ಬರೂದಿಲ್ರಿ ಮಾವಾರ, ಎಣ್ಣಿ ಹತ್ತೇತಿ" ಎಂದು ಮುದ್ದೆ ಮಾಡಿ ಹೊಲದ ಬದುವಿನಾಚೆ ಒಗೆದಳು. ಓದಿದಳೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯ ನನಗಿಲ್ಲ.

ಹನ್ನೊಂದಕ್ಕೆ ಎಂಟು ನಿಮಿಷ ಇರುವಾಗ ಕೋರ್ಟು ಮುಟ್ಟಿದೆ. ಪ್ರಮಾಣ ಮಾಡಲು ಎತ್ತಿದ ಕೈ ಬಾನೆಟ್ಟಿನ ಮಸಿಯಿಂದ ಕಪ್ಪಾಗಿತ್ತು. ಸಾಕ್ಷಿ ಹೇಳಿದೆ. ದುರಗವ್ವನ ಮನೆ ಉಳಿಯುತ್ತದೆ ಎಂದು ವಕೀಲರು ಹೇಳುತ್ತಾರೆ.

ಹೊರಗೆ ಬಂದು ಸೊಸೆಯನ್ನು ಕೇಳಿದೆ: "ಇಷ್ಟೆಲ್ಲ ಗೊತ್ತಿದ್ದು ಇಷ್ಟ ದಿನ ಯಾಕ ಹೇಳಲಿಲ್ಲವಾ?"

"ನೀವು ಕೇಳಲಿಲ್ರೀ" ಎಂದಳು.

ಎರಡು ತಿಂಗಳು ನಾನು ವೀರಭದ್ರನನ್ನು ಕೇಳಿದೆ, ಅಂಜಿನಪ್ಪನನ್ನು ಕೇಳಿದೆ, ನಿಮ್ಮನ್ನು ಕೇಳಿದೆ. ಹದಿನೈದು ಹೆಜ್ಜೆ ದೂರದ ಅಡುಗೆಮನೆಯನ್ನು ಕೇಳಲಿಲ್ಲ. ಆ ಪೋಸ್ಟ್ ಕಾರ್ಡ್ ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ. ಕಾರನ್ನು ಇಟ್ಟುಕೊಳ್ಳಬೇಕೆಂದಿದ್ದರೆ ಇಟ್ಟುಕೊಳ್ಳಿ. ಕಳಿಸಿದರೆ ತಲೆಬಾಗಿ ತೆಗೆದುಕೊಳ್ಳುತ್ತೇನೆ.

ನಿಮ್ಮ
ವಿರೂಪಾಕ್ಷಪ್ಪ


ಬ್ಯಾಡಗಿ
20 ಆಗಸ್ಟ್ 1988

ಬೀಗರಿಗೆ ಅಂದಾನೆಪ್ಪನ ಶರಣು ಶರಣಾರ್ಥಿ.

ಯಾವ ಪೋಸ್ಟ್ ಕಾರ್ಡ್? ನೀಲಾ ನಮಗೆ ಹೇಳಿದ್ದು ಇಷ್ಟೇ: "ದಾರ್ಯಾಗ ಸ್ವಲ್ಪ ಕೆಮ್ಮಿತು, ಮಾವಾರು ಛತ್ರಿ ಹಿಡದ್ರು." ಕಾರ್ಡಿನ ಸುದ್ದಿ ನಿಮ್ಮ ಪತ್ರದಿಂದಲೇ ತಿಳಿಯಿತು. ಹೊಲದಲ್ಲಿ ಬಿದ್ದದ್ದು ನನಗೆ ಮುಟ್ಟಿಲ್ಲ. ಮುಟ್ಟದ ಕಾಗದಕ್ಕೆ ನಾನು ಸಿಟ್ಟಾಗಲಾರೆ.

ಕ್ಷಮೆ ಕೇಳಬೇಕಾದವನು ನಾನು. ಹೆಣ್ಣು ನೋಡಲು ಬಂದಾಗ ನಿಮಗೆ ತೋರಿಸಿದ ಗಿಳಿಗಳ ಮೇಜಿನ ಹಾಸು ನೆನಪಿದೆಯೇ? ಅದು ಅವಳ ಚಿಕ್ಕವ್ವನ ಕೈಯದು. ಆ ದಿನ ಬೆಳಗಿನವರೆಗೆ ನೀಲಾ ಕಾರಿನ ಕೆಳಗೆ ಮಲಗಿದ್ದಳು. ಅವಳ ಉಗುರಿನ ಮಸಿ ಹೋಗದೆ ಅಂಗೈ ತುಂಬ ಮದರಂಗಿ ಹಚ್ಚಿ ಕೂರಿಸಿದೆವು. ಹನ್ನೆರಡು ವರ್ಷದವಳಿದ್ದಾಗಿನಿಂದ ಶಾಲೆ ಬಿಟ್ಟೊಡನೆ ಶಮಶೇರಸಾಬನ ಗ್ಯಾರೇಜಿಗೆ ಓಡುತ್ತಿದ್ದಳು. ಹೊಡೆದರೂ ಬಿಡಲಿಲ್ಲ. ಆಮೇಲೆ ನನಗೇ ಹೆಮ್ಮೆಯಾಯಿತು, ಆದರೆ ಹೊರಗೆ ಹೇಳಲು ಹೆದರಿದೆ. ನಾಲ್ಕು ಕಡೆಯ ಸಂಬಂಧ ಅದರಿಂದಲೇ ತಪ್ಪಿದ್ದವು. ನಿಮ್ಮದು ಐದನೆಯದು. ಒಳ್ಳೆಯ ಮನೆ, ಕಳೆದುಕೊಳ್ಳಬಾರದೆನಿಸಿತು.

ಕಾರನ್ನು ನಿಮ್ಮ ಕೈಯಲ್ಲಿಟ್ಟೆನಾದರೂ ನಿಮಗೆ ಕೊಟ್ಟದ್ದಲ್ಲ. ಗೊತ್ತಿಲ್ಲದ ಮನೆಯಲ್ಲಿ ಅವಳಿಗೆ ಗೊತ್ತಿರುವ ಒಂದು ಸದ್ದಾದರೂ ಇರಲಿ ಎಂದು ಕಳಿಸಿದೆ. ಇದನ್ನು ಆ ದಿನವೇ ಹೇಳಬೇಕಿತ್ತು. ವಾಲಗ ಊದಿಸಿದ್ದೂ ನಾನೇ.

ಶಮಶೇರಸಾಬ ಬಂದು ಹೊಸ ವೈರು ಎಳೆದಿದ್ದಾನೆ. ಕೆಂಪು ದಾರ ಬಿಚ್ಚುವಾಗ, "ಯೇ ಕಿಸ್‌ಕಾ ಕಾಮ್ ಐತಿ, ಯಾರ್ ಮಾಡಿದ್ದು?" ಎಂದು ಕೇಳಿದ. ನೀಲಾ ತಲೆ ತಗ್ಗಿಸಿದಳು. "ಭೇಷ್" ಎಂದ. ಅವನ ಬಾಯಲ್ಲಿ ಆ ಮಾತು ಹತ್ತು ವರ್ಷಕ್ಕೆ ಒಮ್ಮೆ ಬರುತ್ತದೆ. ಕಾರನ್ನು ನೀಲಾಳ ಜೊತೆಗೇ ನಿಮ್ಮ ಮನೆಗೆ ಕಳಿಸುತ್ತಿದ್ದೇನೆ. ಡಿಕ್ಕಿಯಲ್ಲಿ ಒಂದು ಚೀಲ ಮೆಣಸಿನಕಾಯಿ ಇಟ್ಟಿದ್ದೇನೆ, ತೆಗೆಯಬೇಡಿ. ಸಿದ್ದವ್ವನವರಿಗೆ ಎರಡು ಡಜನ್ ಕರವಸ್ತ್ರ ಕಳಿಸಿದ್ದೇನೆ.

ಅಂದಾನೆಪ್ಪ


ಹಾವೇರಿ
4 ಅಕ್ಟೋಬರ್ 1988

ಅಪ್ಪ ಅವ್ವರಿಗೆ ನೀಲಾಳ ನಮಸ್ಕಾರಗಳು.

ಕೆಲಸ ಹೆಚ್ಚಾಗಿ ಬರೆಯುವುದು ತಡವಾಯಿತು. ಮಾವನವರು ಕೋರ್ಟಿನ ಮುಂದೆ ಕುಳಿತು ಬಾಂಡ್ ಬರೆಯುವುದಕ್ಕಿಂತ ನನ್ನ ಕಥೆ ಹೇಳುವುದೇ ಹೆಚ್ಚಾಗಿದೆಯಂತೆ. ನೂಕಿದ ಆರು ಜನ ವಕೀಲರಲ್ಲಿ ಇಬ್ಬರು ತಮ್ಮ ಸ್ಕೂಟರ್ ತಂದು ಅಂಗಳದಲ್ಲಿ ನಿಲ್ಲಿಸಿ ಹೋದರು. ಅಂಜಿನಪ್ಪ ಒಂದು ದಿನ ಬಂದು ಬಾಗಿಲಲ್ಲಿ ನಿಂತು, "ತಂಗೀ, ಆ ಒಂದು, ಮೂರು ಆದ ಮ್ಯಾಲ ಯಾವ್ದು?" ಎಂದು ಮೆಲ್ಲಗೆ ಕೇಳಿದ. ಬರೆದುಕೊಟ್ಟಿದ್ದೇನೆ.

ಅತ್ತೆಗೆ ಮೊದಲು ಸಮಾಧಾನವಿರಲಿಲ್ಲ. "ಸೊಸಿ ಕೈ ಕರ್ರಗಾದ್ರ ಮಂದಿ ಏನಂತಾರ?" ಎಂದರು. ಮಾವನವರು, "ಕೋರ್ಟಿನ ಮುಂದ ವಕೀಲರು ನೂಕಿದಾಗ ಮಂದಿ ಏನಂದ್ರು, ಅದನ್ನ ನಾ ಇನ್ನೂ ಮರ್ತಿಲ್ಲ" ಎಂದರು. ಆಮೇಲೆ ಅತ್ತೆ ಆ ಮಾತು ಎತ್ತಲಿಲ್ಲ. ದಿಂಬಿನ ಚೀಲವನ್ನು ತಾವೇ ಒಯ್ದು ನವಿಲಿಗೆ ತಲೆ, ಗರಿ ಹಾಕಿ ಮುಗಿಸಿದರು. ಮಾವನವರೂ ಕಲಿಯುತ್ತಿದ್ದಾರೆ. ಪ್ಲಗ್ ಬಿಚ್ಚಿ ಒರೆಸುವುದು ಬರುತ್ತದೆ, ಆದರೆ ಪ್ರತಿ ಸಲ ಬಿಚ್ಚಿದ್ದನ್ನೂ ಹಾಕಿದ್ದನ್ನೂ ತಾರೀಖು ಸಹಿತ ಬರೆದು ನನ್ನಿಂದ ಸಹಿ ಮಾಡಿಸಿಕೊಳ್ಳುತ್ತಾರೆ. ಇನ್ನು ನಮ್ಮ ಮನೆಯವರು ಬೀಡಿ ಬಿಟ್ಟಿದ್ದಾರೆ. ಬಿಟ್ಟಿದ್ದೇನೆ ಎಂದು ಹೇಳುತ್ತಾರೆ.

ಈಗ ನಿಜವಾದ ಸುದ್ದಿ. ಕಳೆದ ವಾರ ನನಗೆ ಲೈಸೆನ್ಸ್ ಸಿಕ್ಕಿತು. ಪರೀಕ್ಷೆ ಮಾಡಿದ ಸಾಹೇಬರು ಹತ್ತಿದೊಡನೆ ಹದಿನಾರು ಸಲ ಸೀನಿ, ಲಗೂ ಕಾಗದಕ್ಕೆ ಸಹಿ ಹಾಕಿ ಇಳಿದುಬಿಟ್ಟರು.

ಬರುವ ಭಾನುವಾರ, ಒಂಬತ್ತನೆಯ ತಾರೀಖು, ನಾನೇ ನಡೆಸಿಕೊಂಡು ಬ್ಯಾಡಗಿಗೆ ಬರುತ್ತೇನೆ. ಹಿಂದೆ ಮಾವನವರು, ಮುಂದೆ ನನ್ನ ಪಕ್ಕದಲ್ಲಿ ಅತ್ತೆ. ಮುಂದೆ ಕೂರುವವರು ಯಾರೆಂದು ಇಬ್ಬರೂ ಎರಡು ದಿನ ಜಗಳಾಡಿ ಅತ್ತೆ ಗೆದ್ದರು. ಮಾವನವರು ನಿನ್ನನ್ನು ನೋಡಿದೊಡನೆ ಏನು ಹೇಳಬೇಕೆಂದು ಬರೆದು ತಿದ್ದುತ್ತಿದ್ದಾರೆ. ಮೂರನೆಯ ಪ್ರತಿ ನಡೆದಿದೆ. ನೀನು ಅದನ್ನು ಪೂರ್ತಿ ಕೇಳಬೇಕು, ನಡುವೆ ಬಾಯಿ ಹಾಕಬಾರದು. ಅವ್ವ ಚಹಾಕ್ಕೆ ಸಕ್ಕರೆ ಹಾಕಲಿ.

ಎಂಟಕ್ಕೆ ಹೊರಟರೆ ಹತ್ತರ ಒಳಗೆ ಮುಟ್ಟಬೇಕು. ಹತ್ತಾದರೂ ಬರಲಿಲ್ಲವೆಂದು ನೀನು ಸೈಕಲ್ ತೆಗೆದುಕೊಂಡು ಹುಡುಕುತ್ತ ಬರಬೇಡ, ಶಮಶೇರಸಾಬ್ ಚಾಚಾನನ್ನೂ ಕಳಿಸಬೇಡ. ಮೋಟೆಬೆನ್ನೂರಿನ ಹತ್ತಿರ ಎಲ್ಲೋ ಬಾನೆಟ್ ಎತ್ತಿಕೊಂಡು ನಿಂತಿರುತ್ತೇನೆ. ಸರಿಮಾಡಿಕೊಂಡು ನಾನೇ ಬರುತ್ತೇನೆ.

ನಿನ್ನ ಮಗಳು
ನೀಲಾಂಬಿಕಾ